ಹೊಟ್ಟೆಯ ಲೆಕ್ಕ

ಗ್ಯಾಸು ಎಂಬುದು ನಮ್ಮ ಕಡೆಯ ಮನೆಗಳಲ್ಲಿ ಮೊದಲು ಒಲೆಗೆ ಬಂದಿತೋ ಹೊಟ್ಟೆಗೆ ಬಂದಿತೋ, ಯಾರಾದರೂ ಪಂಡಿತರು ಕುಳಿತು ಸಂಶೋಧಿಸಬೇಕಾದ ವಿಷಯ. ಒಲೆಯ ಗ್ಯಾಸಾದರೆ ಒಂದೂವರೆ ತಿಂಗಳಿಗೆ ಮುಗಿದುಹೋಗುತ್ತದೆ. ಹೊಟ್ಟೆಯದಕ್ಕೆ ಮುಗಿಯುವುದೆಂಬುದೇ ಇಲ್ಲ. ನಮ್ಮ ಅಜ್ಜಿಯ ಕಾಲದಲ್ಲಿ ಹೊಟ್ಟೆಯ ಬಾಧೆಗಳಿಗೆ ಬೇರೆ ಬೇರೆ ಹೆಸರುಗಳಿದ್ದವು. ಉಬ್ಬರ ಬೇರೆ, ಹುಳಿತೇಗು ಬೇರೆ, ಎದೆಯುರಿ ಬೇರೆ, ನುಲಿತ ಬೇರೆ, ಮಲಬದ್ಧತೆ ಬೇರೆ. ಹೆಸರು ಹೇಳಿದರೆ ಅಜ್ಜಿ ಮದ್ದನ್ನೂ ಹೇಳುತ್ತಿದ್ದಳು, ಎಷ್ಟು ದಿನದಿಂದ ಎಂದೂ ಕೇಳುತ್ತಿದ್ದಳು. ಈಗ ಅವೆಲ್ಲ ಒಂದೇ ಹೆಸರಿನ ಚೀಲದೊಳಗೆ ಸೇರಿಕೊಂಡಿವೆ. ಬೆನ್ನು ಹಿಡಿದರೆ ಗ್ಯಾಸು, ತಲೆ ತಿರುಗಿದರೆ ಗ್ಯಾಸು, ಎದೆ ಒತ್ತಿದರೆ ಗ್ಯಾಸು. ನಲವತ್ತೈದು ದಾಟಿದ ಹೆಂಗಸು ಯಾವ ಸಂಕಟ ಹೇಳಿಕೊಂಡರೂ ಮನೆಯವರಿಂದ ಹಿಡಿದು ಔಷಧದ ಅಂಗಡಿಯ ಹುಡುಗನವರೆಗೆ ಎಲ್ಲರೂ ವೈದ್ಯರಾಗಿ ಇದೊಂದೇ ತೀರ್ಪು ಕೊಡುತ್ತಾರೆ. ಆ ತೀರ್ಪು ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ. ತೊಂದರೆ ಇರುವುದೂ ಅಲ್ಲಿಯೇ.

ನಾಲ್ಕು ಊರುಗಳ ಹೊಟ್ಟೆಯ ಪರಿಚಯ ನನಗೆ ಚೆನ್ನಾಗಿದೆ. ಹುಟ್ಟಿದ್ದು ಹೊಳಲ್ಕೆರೆಯಲ್ಲಿ, ಬಯಲು ಗಣಪತಿಗೆ ಕೂಗಳತೆಯಲ್ಲಿ. ಕೊಟ್ಟಿದ್ದು ಹಿರಿಯೂರಿಗೆ. ಅಕ್ಕ ಹೊಸದುರ್ಗದ ಸೊಸೆ. ನೌಕರಿ ಚಿತ್ರದುರ್ಗದ ಒಂದು ಕಚೇರಿಯಲ್ಲಿ. ಇಪ್ಪತ್ತೆರಡು ವರ್ಷಗಳಿಂದ ದಿನಾ ಬಸ್ಸಿನ ಓಡಾಟ. ಹೊಳಲ್ಕೆರೆಯ ನಮ್ಮಮ್ಮ ಹೊಟ್ಟೆ ಎಂದರೆ ಸಾಕು, ಓಂಕಾಳನ್ನು ಉಪ್ಪಿನೊಂದಿಗೆ ಅಂಗೈಯಲ್ಲಿ ತಿಕ್ಕಿ ಬಾಯಿಗೆ ಹಾಕುತ್ತಿದ್ದರು; ಅದರ ಮೇಲೆ ಎಲೆಯಡಿಕೆ. ಅಡಿಕೆ ಬೆಳೆಯುವ ಊರಿನವರಿಗೆ ಅಡಿಕೆಯಿಂದ ವಾಸಿಯಾಗದ ರೋಗವಿಲ್ಲವೆಂಬ ನಂಬಿಕೆ. ಹಿರಿಯೂರಿನ ಅತ್ತೆಯವರದು ಇಂಗು ಹಾಕಿದ ಮಜ್ಜಿಗೆ. ಹೊಸದುರ್ಗದಲ್ಲಿ ಬಾಧೆಗೂ ತೆಂಗು, ಮದ್ದಿಗೂ ತೆಂಗು: ಕಾಯಿಹಾಲಿನ ಪಾಯಸ ಕುಡಿದು ಹೊಟ್ಟೆ ಕಟ್ಟಿದರೆ ಎಳನೀರು ಕುಡಿಸುತ್ತಾರೆ. ದುರ್ಗದಲ್ಲಿ ಸಂಜೆ ಮಂಡಕ್ಕಿ ಮೆಣಸಿನಕಾಯಿ ತಿಂದು, ಅದನ್ನು ಇಳಿಸಲು ಸೋಡಾ ಕುಡಿದು, ಸೋಡಾದ ತೇಗನ್ನೇ ರೋಗ ಹೊರಹೋದ ಗುರುತೆಂದು ತಿಳಿದು ಮನೆಗೆ ಹೋಗುವವರನ್ನು ದಿನವೂ ಕಾಣುತ್ತೇನೆ. ಈ ಮದ್ದುಗಳನ್ನು ನಾನು ಹೀಗಳೆಯುವವಳಲ್ಲ. ಈಗಲೂ ನನ್ನ ಕೈಚೀಲದಲ್ಲಿ ಓಂಕಾಳಿನ ಸಣ್ಣ ಡಬ್ಬಿಯೊಂದು ಇದ್ದೇ ಇರುತ್ತದೆ.

ಆದರೆ ನಲವತ್ತೈದರ ಸುಮಾರಿಗೆ ಹೆಂಗಸರ ಹೊಟ್ಟೆ ತಾನೇ ಬದಲಾಗುತ್ತದೆಂಬುದನ್ನು ಓಂಕಾಳು ಕೊಟ್ಟವರು ಯಾರೂ ಹೇಳಿರಲಿಲ್ಲ. ವೈದ್ಯರು ಋತುಬಂಧ ಎನ್ನುತ್ತಾರೆ. ನಮ್ಮ ಮನೆಯ ಮಾತಿನಲ್ಲಿ ‘ನಿಲ್ಲೋ ಕಾಲ’. ಹನ್ನೆರಡು ತಿಂಗಳು ಒಂದೇ ಸಮನೆ ಮುಟ್ಟು ಕಾಣದಿದ್ದರೆ ಮಾತ್ರ ನಿಂತಿತೆಂದು ಲೆಕ್ಕ. ನಮ್ಮ ದೇಶದಲ್ಲಿ ಅದು ಸರಾಸರಿ 46-47ರ ವಯಸ್ಸಿಗೆ ಬರುತ್ತದೆ. ಪಾಶ್ಚಾತ್ಯರಲ್ಲಿ 51ರ ಸುಮಾರಿಗೆ. ಆದರೆ ನಿಲ್ಲುವ ಮೊದಲು ನಾಲ್ಕಾರು ವರ್ಷ ದೇಹಕ್ಕೆ ಹೊಯ್ದಾಟವಿದೆ. ಅಂಡಾಶಯದಿಂದ ಬರುವ ಈಸ್ಟ್ರೋಜೆನ್, ಪ್ರೊಜೆಸ್ಟರೋನ್ ಎಂಬ ಎರಡು ರಸಗಳು ಗರ್ಭಕೋಶಕ್ಕೆ ಮಾತ್ರ ಸಂಬಂಧಪಟ್ಟವೆಂದು ನಾವು ತಿಳಿದಿರುತ್ತೇವೆ. ಕರುಳೂ ಅವುಗಳ ಮಾತು ಕೇಳುತ್ತದೆ. ಪ್ರೊಜೆಸ್ಟರೋನ್ ಏರಿದಾಗ ಕರುಳಿನ ನಡಿಗೆ ನಿಧಾನವಾಗಿ ಮಲ ಕಟ್ಟುತ್ತದೆ. ಇಳಿದಾಗ, ಮುಟ್ಟಿನ ಹಿಂದುಮುಂದಿನ ದಿನಗಳಲ್ಲಿ, ಸಡಿಲವಾಗುತ್ತದೆ. ಹರೆಯದಲ್ಲಿ ಇದಕ್ಕೊಂದು ತಾಳವಿತ್ತು. ಈಗ ರಸಗಳು ಮೆಟ್ಟಿಲಿಳಿದಂತೆ ಇಳಿಯುವುದಿಲ್ಲ. ತೇರು ಎಳೆಯುವಾಗ ಒಮ್ಮೆ ಮುಂದಕ್ಕೆ ಜಗ್ಗಿ ಒಮ್ಮೆ ನಿಂತೇಬಿಡುವಂತೆ ಏರುತ್ತವೆ, ಇಳಿಯುತ್ತವೆ. ಅದರ ಜೊತೆಗೆ ನಿದ್ರೆ ಕೆಡುತ್ತದೆ, ಮನಸ್ಸು ಕೆಡುತ್ತದೆ, ಸೊಂಟದ ಸುತ್ತ ಬೊಜ್ಜು ಸೇರುತ್ತದೆ. ಉಬ್ಬರ, ಎದೆಯುರಿ, ಎರಡು ದಿನ ಮಲಬದ್ಧತೆ, ಮೂರನೆಯ ದಿನ ಭೇದಿ. ಮೂವತ್ತು ವರ್ಷ ಜೀರ್ಣಿಸಿದ ಅದೇ ರಾಗಿಮುದ್ದೆ, ಅದೇ ಹುರುಳಿಕಟ್ಟಿನ ಸಾರು. ಹೊಟ್ಟೆ ಮಾತ್ರ ಬೇರೆಯವರದೇನೋ ಎಂಬಂತೆ.

ಹೆಂಗಸಿನ ದೇಹದ ವಿಚಾರವನ್ನು ಹೆಂಗಸರಿಗೆ ತಿಳಿಯುವ ಕನ್ನಡದಲ್ಲಿ ಬರೆದವರು ಡಾ. ಅನುಪಮಾ ನಿರಂಜನ. ಅವರ ‘ತಾಯಿ-ಮಗು’ ನಮ್ಮ ಮನೆಯಲ್ಲಿ ಬಟ್ಟೆಯ ಟ್ರಂಕಿನೊಳಗೆ ಇರುತ್ತಿತ್ತು. ಬಸುರಿಯರ ಕೈಯಿಂದ ಕೈಗೆ ಹೋಗಿ ಹೊದಿಕೆ ಕಿತ್ತುಹೋಗಿತ್ತು. ಚೊಚ್ಚಲ ಬಸುರಿಗೆ ಪುಸ್ತಕ ಕೊಡುವವರಿದ್ದಾರೆ, ಸೀಮಂತ ಮಾಡುವವರಿದ್ದಾರೆ. ಮುಟ್ಟು ನಿಲ್ಲುವವಳಿಗೆ ಯಾರೂ ಏನೂ ಕೊಡುವುದಿಲ್ಲ. ನಮ್ಮ ಜಿಲ್ಲೆಯ ಕೆಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವಳು ಹಟ್ಟಿಯ ಹೊರಗೆ ಇರಬೇಕೆಂಬ ಕಟ್ಟಳೆ ಇದ್ದುದನ್ನು ಬಲ್ಲವರು ಬಲ್ಲರು. ಅಲ್ಲಿಯ ಮುದುಕಿಯೊಬ್ಬಳು ಬಸ್ಸಿನಲ್ಲಿ ನನ್ನ ಪಕ್ಕ ಕುಳಿತು, “ನಿಂತ ಮ್ಯಾಲೆ ನಾನು ಮನೇಲಿ ಮಲಗಿದ್ದು ಕಣವ್ವ” ಎಂದಿದ್ದಳು. ಹಾಗೆ ಬಿಡುಗಡೆಯಾಗಿ ಬಂದ ಕಾಲದಲ್ಲಿ ಹೊಟ್ಟೆ ಉಬ್ಬಿದೆಯೆಂದು ಯಾರಿಗೆ ದೂರುವುದು?

ಹೊಟ್ಟೆಯನ್ನು ಸಮಾಧಾನಪಡಿಸುವ ವಿಧಾನಗಳು ಕಷ್ಟದವೇನಲ್ಲ. ಹುರುಳಿ, ಅವರೆ, ಅಲಸಂದೆಗಳಲ್ಲಿರುವ ಕೆಲವು ಬಗೆಯ ಸಕ್ಕರೆಗಳನ್ನು ಸಣ್ಣಕರುಳು ಅರಗಿಸಲಾರದು. ದೊಡ್ಡಕರುಳಿನ ಸೂಕ್ಷ್ಮಜೀವಿಗಳು ಅವನ್ನು ಹುದುಗಿಸಿ ವಾಯು ಮಾಡುತ್ತವೆ. ರಾತ್ರಿಯೆಲ್ಲ ನೆನೆಸಿ ಆ ನೀರು ಚೆಲ್ಲಿ ಬೇಯಿಸಿದರೆ ಅರ್ಧ ಜಗಳ ಇತ್ಯರ್ಥವಾದಂತೆ. ರಾತ್ರಿಯ ಊಟ ಬೇಗ, ತುಸು ಕಡಮೆ, ಉಂಡ ಕೂಡಲೇ ಮಲಗದಿರುವುದು, ನಡಿಗೆ. ದುರ್ಗದವರಿಗೆ ಕೋಟೆಯ ಮೆಟ್ಟಿಲುಗಳಿವೆ, ಹಿರಿಯೂರಿನವರಿಗೆ ವೇದಾವತಿಯ ದಡವಿದೆ. ಆದರೆ ನೀರಿನ ವಿಚಾರ ಬಂದಾಗ ನನಗೆ ಸಿಟ್ಟೇ ಬರುತ್ತದೆ. “ನೀರು ಚೆನ್ನಾಗಿ ಕುಡಿಯಿರಿ” ಎಂದು ಎಲ್ಲರೂ ಉಪದೇಶಿಸುತ್ತಾರೆ. ಬೆಳಗ್ಗೆ ಎಂಟಕ್ಕೆ ಬಸ್ಸು ಹತ್ತಿ ಸಂಜೆ ಏಳಕ್ಕೆ ಇಳಿಯುವ ಹೆಂಗಸು ನೀರು ಕುಡಿದು ಹೋಗುವುದೆಲ್ಲಿಗೆ? ನಮ್ಮ ತಲೆಮಾರಿನ ಹೆಂಗಸರು ನೀರು ಕುಡಿಯದಿರುವುದನ್ನು ಒಂದು ವಿದ್ಯೆಯಾಗಿ ಕಲಿತಿದ್ದೇವೆ. ಮದುವೆಗೆ ಹೊರಟರೆ ಹಿಂದಿನ ರಾತ್ರಿಯಿಂದಲೇ ನೀರು ಬಂದ್. ಕರುಳಿನೊಳಗೆ ಮಲ ಕಲ್ಲಾಗದೆ ಇನ್ನೇನಾಗುತ್ತದೆ! ಅದರ ಮೇಲೆ ನಮ್ಮ ಜಿಲ್ಲೆಯ ಹಲವು ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡು ಬೇರೆ. ಕುಡಿದರೆ ಒಂದು ಕಷ್ಟ, ಕುಡಿಯದಿದ್ದರೆ ಇನ್ನೊಂದು.

ಇಷ್ಟೇ ಆಗಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಅಕ್ಕನ ವಿಚಾರ ಹೇಳಬೇಕು.

ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. 2017ರಲ್ಲಿ ಅವಳಿಗೆ ಐವತ್ತೊಂದು. ಎರಡು ವರ್ಷದಿಂದ ಮುಟ್ಟು ಬಂದರೆ ಬಂತು ಬಿಟ್ಟರೆ ಬಿಟ್ಟಿತು ಎಂಬಂತಿತ್ತು. ಶಿವರಾತ್ರಿಯ ಹೊತ್ತಿಗೆ ಹೊಟ್ಟೆ ಉಬ್ಬರ ಆರಂಭವಾಯಿತು. “ಏನಿಲ್ಲ ಕಣೇ, ಗ್ಯಾಸು. ಈ ವಯಸ್ಸಿಗೆ ಎಲ್ರಿಗೂ ಆಗ್ತೈತಂತೆ” ಎಂದು ಫೋನಿನಲ್ಲಿ ಅವಳೇ ನನಗೆ ಧೈರ್ಯ ಹೇಳಿದಳು. ಅಂಗಡಿಯಿಂದ ತಂದ ಪುಡಿ, ಬೆಳಗ್ಗೆ ಖಾಲಿ ಹೊಟ್ಟೆಗೆ ನುಂಗುವ ಮಾತ್ರೆ. ಒಬ್ಬ ವೈದ್ಯರ ಬಳಿಗೂ ಹೋದಳು; ಅವರು ಅವಳನ್ನು ಮಲಗಿಸಿ ಹೊಟ್ಟೆ ಒತ್ತಿಯೂ ನೋಡದೆ, ಕುರ್ಚಿಯಲ್ಲಿ ಕುಳಿತವಳಿಗೆ ಕುಳಿತಲ್ಲಿಂದಲೇ ಅದೇ ಮಾತ್ರೆಯನ್ನು ಇನ್ನೊಂದು ಹೆಸರಿನಲ್ಲಿ ಬರೆದುಕೊಟ್ಟರು. ಒಂದು ಮುದ್ದೆ ಉಣ್ಣುತ್ತಿದ್ದವಳು ಅರ್ಧಕ್ಕೆ ಸಾಕೆನ್ನತೊಡಗಿದಳು. ರಾತ್ರಿ ನಾಲ್ಕು ಸಲ ಬಚ್ಚಲಿಗೆ ಏಳುತ್ತಿದ್ದಳು. ಆಷಾಢದಲ್ಲಿ ಹೊಳಲ್ಕೆರೆಯ ತವರಿಗೆ ಬಂದಾಗ ಅಮ್ಮ ಬಳೆ ತೊಡಿಸಲು ಬಳೆಗಾರ್ತಿಯನ್ನು ಕರೆಸಿದ್ದರು. ಹಳೆಯ ಅಳತೆಯ ಬಳೆ ಮೊಣಕೈವರೆಗೆ ಜಾರಿತು. ಅದೇ ಹೊತ್ತಿಗೆ ಅಕ್ಕ ಲಂಗದ ಲಾಡಿ ಗಂಟು ಹಾಕಲು ಸಾಲದೆಂದು ಬೇರೆ ಲಾಡಿ ಪೋಣಿಸುತ್ತಿದ್ದಳು. ಬಳೆ ಸಡಿಲ, ಲಾಡಿ ಬಿಗಿ. ಕೈ ಸೊರಗುತ್ತಿದೆ, ಹೊಟ್ಟೆ ಬೆಳೆಯುತ್ತಿದೆ. ಅದನ್ನು ಕಂಡು ಮಾತನಾಡಿದವಳು ಬಳೆಗಾರ್ತಿಯೇ: “ಇದು ಗಾಳಿಯಲ್ಲ ಕಣ್ರವ್ವ, ಡಾಕ್ಟ್ರಿಗೆ ತೋರ್ಸಿ.”

ಸ್ಕ್ಯಾನಿಂಗಿನಲ್ಲಿ ಹೊಟ್ಟೆಯೊಳಗೆ ನೀರು ತುಂಬಿರುವುದು ಕಂಡಿತು, ಅಂಡಾಶಯದಲ್ಲಿ ಗೆಡ್ಡೆ. 1973ರಿಂದ ನಾಡಿನ ಮೂಲೆಮೂಲೆಯ ರೋಗಿಗಳನ್ನು ನೋಡುತ್ತ ಬಂದಿರುವ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿಯ ಹುಡುಗಿಯಂಥ ಒಬ್ಬ ವೈದ್ಯೆ ಅಕ್ಕನ ಮಂಚದ ಅಂಚಿಗೆ ಕುಳಿತು ಕೇಳಿದ ಮೊದಲ ಪ್ರಶ್ನೆ, “ಅಮ್ಮಾ, ತಿಂಗಳಿಗೆ ಎಷ್ಟು ದಿನ ಉಬ್ಬರ ಇರುತ್ತಿತ್ತು?” ಅಕ್ಕ ಯೋಚಿಸಿದಳು. “ಯಾವಾಗ್ಲೂ ಅಂದ್ರೆ ಯಾವಾಗ್ಲೂ ಇಲ್ಲ ಕಣಮ್ಮ… ಇರ್ತೈತೆ, ಹೋಗ್ತೈತೆ.” ತೆಂಗಿನಕಾಯಿ ಕೀಳಿಸಿದ ತಾರೀಖು, ಹಸು ಹೋರಿ ಕಂಡ ದಿನ, ಊರವರ ಮಕ್ಕಳ ಹುಟ್ಟಿದ ನಕ್ಷತ್ರ ಎಲ್ಲವನ್ನೂ ಬಾಯಲ್ಲೇ ಇಟ್ಟುಕೊಂಡಿದ್ದವಳು. ಹದಿಮೂರನೆಯ ವಯಸ್ಸಿನಿಂದ ತಿಂಗಳು ತಿಂಗಳೂ ತನ್ನ ಮೈಯ ಲೆಕ್ಕ ತಪ್ಪದೆ ಇಟ್ಟಿದ್ದವಳು. ಮುಟ್ಟು ನಿಲ್ಲುತ್ತಾ ಬಂದಂತೆ ಇನ್ನು ಎಣಿಸುವುದೇನಿದೆ ಎಂದು ಎಲ್ಲರಂತೆ ಅವಳೂ ಎಣಿಕೆ ಬಿಟ್ಟಿದ್ದಳು.

ಅಂಡಾಶಯ ಕಿಬ್ಬೊಟ್ಟೆಯ ಆಳದಲ್ಲಿ ಅಡಗಿ ಕುಳಿತಿರುವ ಅಂಗ. ಅಲ್ಲಿಯ ಕ್ಯಾನ್ಸರು ಹೊರಗೆ ಗಂಟಾಗಿ ಕಾಣುವುದಿಲ್ಲ. ಉಬ್ಬರ, ಸ್ವಲ್ಪಕ್ಕೇ ಹೊಟ್ಟೆ ತುಂಬುವುದು, ಕಿಬ್ಬೊಟ್ಟೆಯ ನೋವು, ಮೂತ್ರದ ಅವಸರ: ಹೀಗೆ ಗ್ಯಾಸಿನ ವೇಷದಲ್ಲೇ ಬರುತ್ತದೆ, ಆದ್ದರಿಂದಲೇ ಬಹಳ ಮಂದಿಯಲ್ಲಿ ಹಬ್ಬಿದ ಮೇಲೆ ಗೊತ್ತಾಗುವುದು. ಗರ್ಭಕೊರಳಿಗೆ ಮಾಡುವ ಪ್ಯಾಪ್ ಪರೀಕ್ಷೆಯಲ್ಲಿ ಇದು ಸಿಕ್ಕುವುದಿಲ್ಲ. ಬ್ರಿಟನ್ನಿನ ‘ನೈಸ್’ ಎಂಬ ಸಂಸ್ಥೆ 2011ರಲ್ಲಿ ವೈದ್ಯರಿಗೆ ಒಂದು ಸೂಚನೆ ಕೊಟ್ಟಿತು: ಇಂಥ ಲಕ್ಷಣ ಬಿಡದೆ ಕಾಡುತ್ತಿದ್ದರೆ, ಅದರಲ್ಲೂ ತಿಂಗಳಿಗೆ 12ಕ್ಕಿಂತ ಹೆಚ್ಚು ಸಲ ಬರುತ್ತಿದ್ದರೆ, ಮತ್ತು ಹೆಂಗಸಿಗೆ ಐವತ್ತು ದಾಟಿದ್ದರೆ, ಪರೀಕ್ಷೆ ಮಾಡಿಸಿ, ಆ ವಯಸ್ಸಿನಲ್ಲಿ ಹೊಸದಾಗಿ ‘ಸೂಕ್ಷ್ಮ ಕರುಳು’ ಎಂದು ಹೇಳಿ ಕಳುಹಿಸಬೇಡಿ. ಹನ್ನೆರಡು ಎಂಬ ಈ ಸಂಖ್ಯೆ ನಮ್ಮ ಮನೆಗೆ ತಡವಾಗಿ ಬಂದಿತು. ಅಕ್ಕನಿಗೆ ಶಸ್ತ್ರಚಿಕಿತ್ಸೆಯಾಯಿತು, ಆರು ಸಲ ಔಷಧಿ ಏರಿಸಿದರು. ಕೂದಲು ಉದುರಿ ಮತ್ತೆ ಬಂದಿತು. ಗುಂಗುರಾಗಿ ಬಂದಿತೆಂದು ಅವಳಿಗೊಂದು ಸಂಭ್ರಮ. ಎರಡೂವರೆ ವರ್ಷ ಇದ್ದಳು. ಮಗಳ ಮದುವೆ ಮಾಡಿದಳು. 2020ರ ಯುಗಾದಿ ನೋಡಲಿಲ್ಲ.

ಅಡಿಗೆಮನೆಯ ಬಾಗಿಲ ಹಿಂದೆ ತೂಗುವ ಕ್ಯಾಲೆಂಡರಿನಲ್ಲಿ ಅಂದಿನಿಂದ ನಾನು ಗುರುತು ಹಾಕುತ್ತಿದ್ದೇನೆ. ಉಬ್ಬರಕ್ಕೊಂದು ಸೊನ್ನೆ, ಮಲಬದ್ಧತೆಗೊಂದು ಗೆರೆ, ಭೇದಿಗೆ ಎರಡು ಚುಕ್ಕೆ, ಮುಟ್ಟಾದರೆ ಅಡ್ಡಗೀಟು. ನಮ್ಮ ಯಜಮಾನರು ಬಹಳ ದಿನ ಅದನ್ನು ಹಾಲಿನವನ ಲೆಕ್ಕವೆಂದು ತಿಳಿದು, ಅವನೊಡನೆ ಒಮ್ಮೆ ಜಗಳವನ್ನೂ ಆಡಿದರು.

2022ರ ಸೆಪ್ಟೆಂಬರಿನಲ್ಲಿ ಮಾರಿಕಣಿವೆ ತುಂಬಿ ಕೋಡಿ ಬಿದ್ದಿತು. 1933ರ ತರುವಾಯ ಮೊದಲ ಸಲ. ಹಿರಿಯೂರಿಗೆ ಹಿರಿಯೂರೇ ನೋಡಲು ನೆರೆಯಿತು. ಕಣಿವೆ ತುಂಬಿದ ವರ್ಷವೇ ನನ್ನ ಹೊಟ್ಟೆಯೂ ತುಂಬಿತು. ಆಗಸ್ಟಿನಲ್ಲಿ ಒಂಬತ್ತು ಸೊನ್ನೆ, ಸೆಪ್ಟೆಂಬರಿನಲ್ಲಿ ಹನ್ನೊಂದು, ಅಕ್ಟೋಬರಿನಲ್ಲಿ ಹದಿನಾಲ್ಕು. ಅಷ್ಟು ವರ್ಷ ಎಣಿಸಿದವಳಿಗೆ ಹದಿನಾಲ್ಕನೆಯ ಸೊನ್ನೆ ಬರೆಯುವಾಗ ಪೆನ್ನು ಹಿಡಿದ ಕೈ ನಡುಗಿತು. ಕ್ಯಾಲೆಂಡರಿನ ಮೂರು ಹಾಳೆಗಳನ್ನು ಮಡಿಸಿಕೊಂಡು ಚಿತ್ರದುರ್ಗದ ಒಬ್ಬ ಸ್ತ್ರೀವೈದ್ಯೆಯ ಬಳಿಗೆ ಹೋದೆ. ಅವರು ನಗಲಿಲ್ಲ. ಹಾಳೆಗಳನ್ನು ಮೇಜಿನ ಮೇಲೆ ಹರಡಿ ಓದಿದರು. ಒಡಹುಟ್ಟಿದವಳಿಗೆ ಅಂಡಾಶಯದ ಕ್ಯಾನ್ಸರು ಆಗಿತ್ತೆಂದಾಗ ತಲೆಯೆತ್ತಿ, “ಅದನ್ನು ಮೊದಲೇ ಹೇಳಬೇಕು” ಎಂದರು. ತಾಯಿ, ಅಕ್ಕತಂಗಿ, ಚಿಕ್ಕಮ್ಮಂದಿರಲ್ಲಿ ಸ್ತನದ್ದೋ ಅಂಡಾಶಯದ್ದೋ ಕ್ಯಾನ್ಸರು ಇದ್ದರೆ ಅಪಾಯ ಹೆಚ್ಚು. ಮಲಗಿಸಿ ಒತ್ತಿ ನೋಡಿದರು. ಸ್ಕ್ಯಾನಿಂಗು, ರಕ್ತದಲ್ಲಿ ಸಿಎ-125 ಎಂಬ ಪರೀಕ್ಷೆ, ಹಿಮೋಗ್ಲೋಬಿನ್, ಸಕ್ಕರೆ, ಥೈರಾಯಿಡು. ಸಿಎ-125 ಗರ್ಭಕೋಶದ ಸಾಧಾರಣ ಗೆಡ್ಡೆಗೂ, ಬರಿಯ ಮುಟ್ಟಿಗೂ ಏರಬಹುದು, ಅದೊಂದನ್ನೇ ನೋಡಿ ಹೆದರಬಾರದು ಎಂದು ಮುಂಚೆಯೇ ಹೇಳಿದರು.

ಫಲಿತಾಂಶ ಬರುವವರೆಗಿನ ನಾಲ್ಕು ದಿನದ ವಿಚಾರ ಬೇಡ. ಅಂಡಾಶಯಗಳು ಚೆನ್ನಾಗಿದ್ದವು. ಥೈರಾಯಿಡು ಮಂದವಾಗಿತ್ತು, ಅದೂ ಕರುಳನ್ನು ಮಂದ ಮಾಡುತ್ತದೆ. ಮೂಳೆಗೆಂದು ನಾನು ನುಂಗುತ್ತಿದ್ದ ಕ್ಯಾಲ್ಸಿಯಂ ಮಾತ್ರೆಯೂ ಮಲ ಕಟ್ಟಿಸುವ ಸ್ವಭಾವದ್ದೇ. “ಇದು ಗ್ಯಾಸೇ ಕಣ್ರೀ” ಎಂದರು ವೈದ್ಯೆ. “ಆದರೆ ನೋಡಿ ಹೇಳ್ತಾ ಇದ್ದೀನಿ.” ನೋಡದೆ ಹೇಳಿದ ಗ್ಯಾಸಿಗೂ ನೋಡಿ ಹೇಳಿದ ಗ್ಯಾಸಿಗೂ ಎಷ್ಟು ಅಂತರವೆಂಬುದು ಆ ದಿನ ಬಸ್ಸಿನಲ್ಲಿ ಹಿರಿಯೂರಿನವರೆಗೆ ನಿದ್ದೆ ಹೋದ ನನಗೆ ಗೊತ್ತು.

ಹೊರಡುವ ಮುನ್ನ ಅವರು ಹೇಳಿದ ಇನ್ನೂ ಕೆಲವು ಮಾತುಗಳುಂಟು. ಮಂಡಿನೋವು ಈ ವಯಸ್ಸಿನದೇ ಇನ್ನೊಂದು ಉಡುಗೊರೆ. ಅದಕ್ಕೆ ಅಂಗಡಿಯಿಂದ ನೋವಿನ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗಿದರೆ ಜಠರದಲ್ಲಿ ಹುಣ್ಣಾಗಿ ರಕ್ತ ಒಸರಬಹುದು. ಆಗ ಮಲ ಟಾರಿನಂತೆ ಕಪ್ಪಾಗಿ ಅಂಟಂಟಾಗುತ್ತದೆ. ಕಬ್ಬಿಣದ ಮಾತ್ರೆ ತಿನ್ನುವವರಿಗೂ ಮಲ ಕಪ್ಪಾಗುವುದರಿಂದ ಬಹಳ ಮಂದಿ ಎರಡನ್ನೂ ಒಂದೇ ಎಂದುಕೊಳ್ಳುತ್ತಾರೆ. ಮುಟ್ಟು ಇರುವಷ್ಟು ಕಾಲ ರಕ್ತ ಕಡಮೆಯಾದರೆ ಅದರ ಮೇಲೆ ಹಾಕಬಹುದು. ನಿಂತ ಮೇಲೂ ಕಡಮೆಯಾಗುತ್ತಿದ್ದರೆ ಕರುಳಿನಲ್ಲಿ ಎಲ್ಲಿ ಸೋರುತ್ತಿದೆಯೆಂದು ಹುಡುಕಿಸಬೇಕು. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿ ಎಂದು ತಾವೇ ನಿರ್ಧರಿಸಬಾರದು. ಮೂರು ವಾರ ಕಳೆದರೂ ಮಲದ ರೀತಿ ಮೊದಲಿನಂತಾಗದಿದ್ದರೆ, ಪ್ರಯತ್ನವಿಲ್ಲದೆ ತೂಕ ಇಳಿದರೆ, ಅನ್ನ ನುಂಗಲು ತಡೆಯಾದರೆ, ಕಣ್ಣು ಹಳದಿಯಾದರೆ, ವರ್ಷ ನಿಂತಿದ್ದ ಮುಟ್ಟು ಮತ್ತೆ ಕಂಡರೆ ತಡಮಾಡಬಾರದು. ಮೇಲ್ಹೊಟ್ಟೆಯ ನೋವಿನೊಂದಿಗೆ ಬೆವರು, ಉಸಿರುಕಟ್ಟು, ದವಡೆಗೋ ತೋಳಿಗೋ ಹರಿಯುವ ನೋವು ಸೇರಿದರೆ ಅದು ಹೃದಯ. ಆಗ ಸೋಡಾ ಹುಡುಕದೆ 108ಕ್ಕೆ ಕರೆ ಮಾಡಬೇಕು. ಮತ್ತೊಂದು ಮಾತನ್ನು ಅವರು ನಗುತ್ತ ಹೇಳಿದರು: ನಲವತ್ತೇಳರವಳಿಗೆ ಎರಡು ತಿಂಗಳು ಮುಟ್ಟು ತಪ್ಪಿ ವಾಕರಿಕೆ ಬಂದರೆ ಅದು ಬಸಿರೂ ಆಗಿರಬಹುದು, ಅಂಥವರನ್ನು ಅವರು ಕಂಡಿದ್ದಾರಂತೆ.

ಥೈರಾಯಿಡಿನ ಮಾತ್ರೆ ನಡೆಯುತ್ತಿದೆ. ಹೋದ ತಿಂಗಳು ನನ್ನ ಹಾಳೆಯಲ್ಲಿ ನಾಲ್ಕು ಸೊನ್ನೆ. ಈಗ ಚಿಂತೆ ಎದುರುಮನೆಯಾಕೆಯದು. ಸೇವಂತಿಗೆ ಕಟ್ಟಿ ಮಾರುತ್ತಾಳೆ, ಐವತ್ತೆರಡೋ ಐವತ್ಮೂರೋ ವಯಸ್ಸು, ಓದು ಬಾರದು. ಕ್ಯಾಲೆಂಡರು ಬೇಡವೆಂದು ಹಿತ್ತಿಲ ಗೋಡೆಗೆ ಸುಣ್ಣದ ಬೊಟ್ಟು ಇಡುತ್ತಿದ್ದಳು. ಮೊನ್ನೆ ಇಬ್ಬರೂ ನಿಂತು ಎಣಿಸಿದೆವು: ಒಂದು ತಿಂಗಳಿಗೆ ಹದಿನಾರು. ಸೋಮವಾರ ಚಿತ್ರದುರ್ಗದ ಜಿಲ್ಲಾಸ್ಪತ್ರೆಗೆ ಅವಳನ್ನು ಕರೆದುಕೊಂಡು ಹೋಗುತ್ತೇನೆ. 2023ರ ಜೂನಿನಲ್ಲಿ ಸರ್ಕಾರಿ ಬಸ್ಸು ಹೆಂಗಸರಿಗೆ ಪುಕ್ಕಟೆಯಾದಂದಿನಿಂದ ಚಾರ್ಜಿಗೆ ಗಂಡನನ್ನು ಕೇಳಬೇಕಾಗಿಲ್ಲವೆಂಬುದು ಅವಳಿಗೆ ದೊಡ್ಡ ಧೈರ್ಯ.

“ಕಿಬ್ಬೊಟ್ಟೆ ಸ್ಕ್ಯಾನಿಂಗಿಗೆ ಉಚ್ಚೆ ತುಂಬಿರಬೇಕಂತೆ” ಎಂದು ಹೇಳಿದೆ. “ಮನೆ ಬಿಡುವಾಗಲೇ ಒಂದು ತಂಬಿಗೆ ನೀರು ಕುಡಿದು, ಸ್ಕ್ಯಾನಿಂಗು ಆಗೋವರೆಗೂ ತಡೆದುಕೊಂಡಿರಬೇಕು. ಆಗುತ್ತಾ?”

“ಅದೊಂದು ಚೆನ್ನಾಗಿ ಅಭ್ಯಾಸ ಐತೆ ಬಿಡಕ್ಕ” ಎಂದಳು.